ಟಗರಿಗೆ ಏನೂ ಆಗುವುದಿಲ್ಲ

ತನ್ನ ಕುತ್ತಿಗೆ ತನ್ನ ಮಾತು ಕೇಳುವುದಿಲ್ಲ ಎಂಬುದು ಅವಳ ಒಂದು ಸಣ್ಣ ಚಿಂತೆಯಾಗಿತ್ತು. ಯಾರ ಹತ್ತಿರವೂ ಹೇಳಿಕೊಳ್ಳುವಂಥದ್ದಲ್ಲ. ಹೇಳಿದರೆ ಮೂಳೆ ಡಾಕ್ಟರ ಹತ್ತಿರ ಹೋಗು ಎಂದು ನಕ್ಕಾರು. ಡೈರಿಯಲ್ಲಿ ಮಾತ್ರ ಬರೆದಿಟ್ಟಿದ್ದಳು, ಅದೂ ಪೆನ್ಸಿಲಿನಲ್ಲಿ: ಯಾರಾದರೂ ನನ್ನ ಕಡೆ ತಿರುಗಿ ‘ಅಲ್ವಾ?’ ಎಂದರೆ ಸಾಕು, ನಾನು ಯೋಚಿಸಲು ಶುರು ಮಾಡುವ ಮೊದಲೇ ತಲೆ ಹೌದೆಂದು ಆಡಿ ಮುಗಿಸಿರುತ್ತದೆ. ಆಮೇಲೆ ನಾನು ಅದರ ಹಿಂದೆ ಓಡುತ್ತೇನೆ. ಟೈಲರ್ ಅಂಗಡಿಯವನು ‘ಇದೇ ಬಣ್ಣ ಅಲ್ವಾ ನೀವು ಹೇಳಿದ್ದು?’ ಎಂದು ಕೇಳಿದ್ದಕ್ಕೆ ತಲೆಯಾಡಿಸಿ, ತಾನು ಎಂದೂ ಹೇಳಿರದ ಹಳದಿ ಅಸ್ತರಿನ ಕೋಟನ್ನು ಎರಡು ಚಳಿಗಾಲ ಹಾಕಿಕೊಂಡು ಓಡಾಡಿದ್ದಳು. ಅದು ಹಾಳಾಗಿ ಹೋಗಲಿ, ಕೋಟು ತಾನೇ ಎಂದು ಬಿಡಬಹುದಿತ್ತು. ಆದರೆ ಈಚೆಗೆ ತಲೆ ಆಡಿದಾಗಲೆಲ್ಲ ಎಲ್ಲೋ ಯಾರಿಗೋ ಪೆಟ್ಟು ಬೀಳುತ್ತಿತ್ತು. ಬೀಳುವುದು ಅವಳಿಗೆ ಕಾಣುತ್ತಲೂ ಇತ್ತು.

ಆ ದಿನ ಬೆಳಿಗ್ಗೆ ಕನ್ನಡಿಯ ಮುಂದೆ ನಿಂತು ಅವಳು ಅಡ್ಡಡ್ಡ ತಲೆಯಾಡಿಸುವುದನ್ನು ಅಭ್ಯಾಸ ಮಾಡುತ್ತಿದ್ದಳು. ಎಡಕ್ಕೆ, ಬಲಕ್ಕೆ. ಎಷ್ಟು ಸುಲಭ! ಎದುರಿಗೆ ಯಾರೂ ಇಲ್ಲದಿದ್ದರೆ ಎಲ್ಲವೂ ಸುಲಭ. ಬಾಚಣಿಗೆಗೆಂದು ಒಳಗೆ ಬಂದ ಅತ್ತಿಗೆ ಬಾಗಿಲಲ್ಲೇ ನಿಂತು ನೋಡಿದಳು. ಒಂದು ಕಾಲದಲ್ಲಾಗಿದ್ದರೆ ‘ಏನೇ ಗುಬ್ಬಿ, ಕಿವಿಗೆ ನೀರು ಹೋಯ್ತಾ?’ ಎಂದು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದವಳು. ಈಗ ‘ತಿಂಡಿ ಆಗಿದೆ, ಬಂದು ತಿನ್ನಿ’ ಎಂದು ಹೇಳಿ ಬಾಚಣಿಗೆ ತೆಗೆದುಕೊಂಡು ಹೋದಳು. ತಿನ್ನಿ! ಆ ಬಹುವಚನ ಅವಳ ಬೆನ್ನಿಗೆ ತಣ್ಣೀರು ಸುರಿದ ಹಾಗಿರುತ್ತಿತ್ತು. ಅದು ಶುರುವಾದದ್ದು ಹಾಲಿನ ಪ್ರಕರಣದ ಮಾರನೆಯ ದಿನದಿಂದ. ಹಾಲು ಒಲೆಯ ಮೇಲಿಟ್ಟವನು ಅಣ್ಣ. ಇಟ್ಟು, ಫೋನು ಬಂತೆಂದು ಆಚೆ ಹೋಗಿ, ಮರೆತವನೂ ಅಣ್ಣನೇ. ಪಾತ್ರೆ ಕರಕಲಾಗಿ ಮನೆಯೆಲ್ಲ ಹೊಗೆ ತುಂಬಿದಾಗ ಅಮ್ಮ ಒದ್ದೆ ಕೂದಲಿನಲ್ಲೇ ಓಡಿಬಂದು, ಅತ್ತಿಗೆಯತ್ತ ಕೈ ಮಾಡಿ, ಮಗಳ ಕಡೆ ತಿರುಗಿ, ‘ಒಲೆ ಮೇಲೆ ಹಾಲಿಟ್ಟು ಯಾವ ಲೋಕದಲ್ಲಿದ್ಲಂತೆ ಈ ಮಹಾರಾಯ್ತಿ? ನೀನಿಲ್ಲೇ ಕೂತಿದ್ಯಲ್ಲ, ಇವಳೇ ಇಟ್ಟಿದ್ದು ಅಲ್ವಾ?’ ಎಂದಿದ್ದಳು. ಅಣ್ಣ ಗೋಡೆಯ ಕ್ಯಾಲೆಂಡರನ್ನು ಹಿಂದೆಂದೂ ಕಂಡಿರದವನಂತೆ ನೋಡುತ್ತಿದ್ದ. ಅವಳ ತಲೆ ಆಡಿತು. ಅತ್ತಿಗೆ ತಂತಿ ಜುಂಗು ತೆಗೆದುಕೊಂಡು ಪಾತ್ರೆ ಉಜ್ಜಲು ಕೂತಳು. ಆ ಕರ ಕರ ಶಬ್ದ ಮಧ್ಯಾಹ್ನದವರೆಗೂ ನಿಲ್ಲಲಿಲ್ಲ. ಪಾತ್ರೆ ಹೊಳೆಯಿತು. ಅಣ್ಣನಿಗೇನೂ ಆಗಲಿಲ್ಲ. ಸಂಜೆ ಅದೇ ಹೊಳೆಯುವ ಪಾತ್ರೆಯಲ್ಲಿ ಕಾಸಿದ ಹಾಲನ್ನು ಕುಡಿದು, ‘ಸಕ್ಕರೆ ಕಮ್ಮಿ’ ಎಂದ.

ಕುರಿ ತಳಿ ಕೇಂದ್ರದಲ್ಲಿ ಅವಳ ಕೋಣೆ ಉದ್ದನೆಯ ಕಟ್ಟಡದ ಕೊನೆಯದು. ಒಂದು ಫ್ರೀಜರ್, ಅದರ ಗೊರಗೊರ. ರಕ್ತದ ನಳಿಕೆಗಳನ್ನು ಸಿಕ್ಕಿಸಿಟ್ಟ ಬಿಳಿಯ ಚೌಕಟ್ಟುಗಳು. ಕಿಟಕಿಯಾಚೆ ದೊಡ್ಡಿ, ದೊಡ್ಡಿಯಾಚೆ ಗೇಟು. ಕುರಿಯ ವಾಸನೆ ಮೊದಮೊದಲು ಬಟ್ಟೆಗೆ ಹತ್ತಿತ್ತು, ಆಮೇಲೆ ಕೂದಲಿಗೆ, ಈಗ ಬಹುಶಃ ಕನಸಿಗೂ ಹತ್ತಿದೆ. ಅವಳ ಕೆಲಸ ಸರಳ. ರಕ್ತದಿಂದ ಡಿಎನ್‌ಎ ಬೇರ್ಪಡಿಸಿ, ಯಾವ ಕುರಿ ಅವಳಿ ಮರಿ ಹಾಕುವ ಗುಣವನ್ನು ಹೊತ್ತಿದೆ, ಯಾವುದು ಹೊತ್ತಿಲ್ಲ ಎಂದು ನೋಡುವುದು. ಯಂತ್ರದ ಪರದೆಯ ಮೇಲೆ ಗೆರೆಗಳು ಏಳುತ್ತವೆ. ಗೆರೆಗಳು ಯಾರನ್ನೂ ‘ಅಲ್ವಾ?’ ಎಂದು ಕೇಳುವುದಿಲ್ಲ. ಅದಕ್ಕೇ ಅವಳಿಗೆ ಅವನ್ನು ಕಂಡರೆ ಇಷ್ಟ. ಅಂದು ಕೋಟು ಹಾಕಿಕೊಳ್ಳುತ್ತಿದ್ದಾಗ ನಿರ್ದೇಶಕರು ಬಾಗಿಲಲ್ಲಿ ತಲೆ ಹಾಕಿ, ‘ಆ ಕುರಿಮಂದೆ ಯಜಮಾನಿ ಮತ್ತೆ ಬರ್ತಾಳಂತಮ್ಮ ಇವತ್ತು, ಕುರಿ ತುಂಬ್ಕೊಂಡು. ಸ್ವಲ್ಪ ಜೊತೇಲಿರು. ಹೆಂಗಸರ ಮಾತು ಹೆಂಗಸರಿಗೇ ಅರ್ಥವಾಗೋದು’ ಎಂದು ಹೇಳಿ ಹೋದರು. ಅವಳು ತಲೆಯಾಡಿಸಿದಳು. ಅವರು ಹೋದ ಮೇಲೂ ಒಂದು ಸಲ ಆಡಿಸಿದಳು, ಬೆಲ್ಲು ನಿಂತ ಮೇಲೂ ಅದರ ಗುಂಯ್‌ಗುಟ್ಟುವಿಕೆ ಉಳಿಯುವ ಹಾಗೆ.

ನಿರ್ದೇಶಕರು ಕೆಟ್ಟವರಾಗಿದ್ದರೆ ಎಷ್ಟು ಚೆನ್ನಾಗಿರುತ್ತಿತ್ತು. ಸಂದರ್ಶನದಲ್ಲಿ ಅವಳು ಒಂದು ಪ್ರಶ್ನೆಗೂ ಬಾಯಿ ಬಿಡಲಾಗದೆ ಕೂತಿದ್ದಾಗ, ಉಳಿದವರು ಮುಖ ಮುಖ ನೋಡಿಕೊಂಡಾಗ, ಅವರೊಬ್ಬರೇ ಹಾಳೆ ಮುಂದೆ ಸರಿಸಿ ‘ಬರೆದು ತೋರ್ಸಮ್ಮ’ ಎಂದಿದ್ದರು. ಚಳಿಯಲ್ಲಿ ಹುಟ್ಟಿದ ಮರಿಯನ್ನು ಅವರು ತಮ್ಮ ಸ್ವೆಟರಿನೊಳಗೆ ಇಟ್ಟುಕೊಂಡು ಮೀಟಿಂಗಿಗೆ ಬರುತ್ತಿದ್ದರು. ಮೀಟಿಂಗಿನ ನಡುವೆ ಹೊಟ್ಟೆ ‘ಮ್ಯಾ’ ಎನ್ನುತ್ತಿತ್ತು. ‘ಮಹಾರಾಜ’ ಎಂದು ಕರೆಯುತ್ತಿದ್ದ ಆ ಟಗರನ್ನು ಕಂಡುಹಿಡಿದವರು ಅವರೇ. ಅದರ ಹೆಣ್ಣುಮಕ್ಕಳೆಲ್ಲ, ಒಂದೂ ತಪ್ಪದೆ, ಅವಳಿ ಹಾಕುವುದಕ್ಕೆ ಶುರುಮಾಡಿದ ವರ್ಷ ಅವರು ಸಿಹಿ ಹಂಚಿ, ಕಣ್ಣೊರೆಸಿಕೊಂಡು, ಕನ್ನಡಕಕ್ಕೆ ಧೂಳು ಬಿತ್ತೆಂದಿದ್ದರು. ಅಲ್ಲಿಗೆ ನಿಂತಿದ್ದರೆ ಆಗಿತ್ತು. ನಿಲ್ಲಲಿಲ್ಲ. ‘ಈ ಗುಣದ ಒಂದು ಪಾಲು ಸೇರಿದ್ರೆ ಎರಡು ಮರಿ. ಅಪ್ಪನಿಂದ ಒಂದು, ಅಮ್ಮನಿಂದ ಒಂದು, ಎರಡೂ ಪಾಲು ಸೇರಿದ್ರೆ? ನಾಲ್ಕು! ಇದಕ್ಕೆ ಕಾಲೇಜು ಬೇಕೇನ್ರೀ?’ ಎಂದು ಮಹಾರಾಜನ ಮಗಳೊಬ್ಬಳ ಮಗನನ್ನು, ಅದೇ ಗುಣ ಹೊತ್ತ ‘ಯುವರಾಜ’ನನ್ನು, ಮಹಾರಾಜನ ಹೆಣ್ಣುಮಕ್ಕಳ ಮೇಲೆಯೇ ಬಿಟ್ಟರು. ಮೊದಲು ಬಿಟ್ಟದ್ದು ಆ ಯಜಮಾನಿಯ ಮಂದೆಯಲ್ಲಿ, ಯಾಕೆಂದರೆ ಮಹಾರಾಜನ ಹೆಣ್ಣುಮಕ್ಕಳು ಬೇರೆಲ್ಲೂ ಅಷ್ಟು ಇರಲಿಲ್ಲ.

ಎರಡು ಪಾಲು ಸೇರಿದರೆ ನಾಲ್ಕಾಗುವುದಿಲ್ಲ. ಸೊನ್ನೆಯಾಗುತ್ತದೆ. ಅದು ಅವಳಿಗೆ ಪರದೆಯ ಮೇಲಿನ ಗೆರೆಗಳಿಂದ ಗೊತ್ತಾದದ್ದು. ಯುವರಾಜನಿಗೆ ಹುಟ್ಟಿದ ಹೆಣ್ಣುಮರಿಗಳಲ್ಲಿ ಅರ್ಧಕ್ಕರ್ಧ ಎರಡೂ ಪಾಲನ್ನು ಹೊತ್ತು ಬಂದಿದ್ದವು, ಮತ್ತು ಹಾಗೆ ಬಂದವುಗಳಲ್ಲಿ ಒಂದೂ ಗಬ್ಬ ಕಟ್ಟಿರಲಿಲ್ಲ. ಹೊರಗಿನಿಂದ ನೋಡಿದರೆ ಏನೂ ಗೊತ್ತಾಗದು: ಚೆಂದದ ಉಣ್ಣೆ, ತುಂಬಿದ ಮೈ, ಉಳಿದವುಗಳಿಗಿಂತ ಒಂದು ಕೈ ಮೇಲೆಯೇ. ಕೇಂದ್ರದಲ್ಲೇ ಇದ್ದ ಅಂಥ ಒಂದು ಕುರಿ ಹೋದ ತಿಂಗಳು ಹಾವು ಕಚ್ಚಿ ಸತ್ತಾಗ ಅವಳು ಕೈಗವಸು ಹಾಕಿಕೊಂಡು ಅದರ ಹೊಟ್ಟೆ ಬಿಡಿಸಿ ನೋಡಿದ್ದಳು. ಅಂಡಾಶಯ ಇರಬೇಕಾದಲ್ಲಿ ಎರಡು ಬಿಳಿಯ ಎಳೆಗಳಿದ್ದವು, ಹೊಲಿಗೆ ಬಿಚ್ಚಿದ ದಾರದಂಥವು. ಬಹಳ ಹೊತ್ತು ನೋಡುತ್ತ ಕೂತಿದ್ದಳು. ಅವಳಿಗೆ ದುಃಖವಾಗಲಿಲ್ಲ, ಮೈ ಉರಿಯಿತು. ಯಾಕೆಂದರೆ ಇದೇ ಗುಣವನ್ನು ಹೊತ್ತ ಯುವರಾಜ ಕಿಟಕಿಯಾಚೆ ಕಾಳು ಮೇಯುತ್ತ ನಿಂತಿತ್ತು. ಅದಕ್ಕೆ ಏನೂ ಆಗಿರಲಿಲ್ಲ. ಗಂಡಿಗೆ ಅದು ತಾಯಿಯಿಂದ ಒಂದೇ ಪಾಲು ಬರುವುದು, ಬಂದರೂ ಅವನಲ್ಲಿ ಏನೂ ಮಾಡದೆ ಸುಮ್ಮನಿರುವುದು, ಮಗಳ ಮೈಗಿಳಿದ ಮೇಲೆ ಮಾತ್ರ ಎದ್ದು ಕೂರುವುದು. ಅವತ್ತಿನ ಡೈರಿಯಲ್ಲಿ ಅವಳು ಪೆನ್ಸಿಲ್ ಬಿಟ್ಟು ಪೆನ್ನು ಹಿಡಿದಿದ್ದಳು: ಟಗರಿಗೆ ಏನೂ ಆಗುವುದಿಲ್ಲ. ಒತ್ತಿ ಬರೆದ ರಭಸಕ್ಕೆ ಹಾಳೆ ಹರಿದಿತ್ತು. ಟಗರಿನ ಮೇಲೆ ಯಾಕೆ ಸಿಟ್ಟು, ಅದಕ್ಕೇನು ಗೊತ್ತು, ಪಾಪ. ಪಾಪ ಎಂದು ಬರೆದು, ಅದನ್ನೂ ಹೊಡೆದು ಹಾಕಿದ್ದಳು.

ಗೆರೆಗಳನ್ನು ಮೊದಲ ಸಲ ಕಂಡ ದಿನವೇ ಅವಳು ನಿರ್ದೇಶಕರನ್ನು ಕರೆದು ತೋರಿಸಿದ್ದಳು. ಬಾಯಲ್ಲಿ ಹೇಳಿರಲಿಲ್ಲ, ಬೆರಳು ಮಾಡಿ ತೋರಿಸಿದ್ದಳು. ಅವರು ನೋಡಿದರು. ಕನ್ನಡಕ ತೆಗೆದು ಒರೆಸಿದರು. ಮತ್ತೆ ನೋಡಿದರು. ಅವರ ಕೆಳತುಟಿ ಮಗುವಿನ ತುಟಿಯಂತೆ ಅದುರಿದ್ದನ್ನು ಅವಳು ಕಂಡಳು, ಕಂಡದ್ದಕ್ಕೆ ತಾನೇ ನಾಚಿಕೊಂಡಳು. ‘ಇದು... ಇದು ಈಗ ಹೊರಗೆ ಬೇಡಮ್ಮ. ಇನ್ನೊಂದು ಸಲ ಮಾಡಿ ನೋಡೋಣ. ಆತುರ ಪಡಬಾರದು, ಅಲ್ವಾ?’ ಆತುರ ಪಡಬಾರದು, ನಿಜ. ತಲೆ ಆಡಿತು. ಇನ್ನೊಂದು ಸಲ ಮಾಡಿದಳು, ಮತ್ತೊಂದು ಸಲ ಮಾಡಿದಳು. ಗೆರೆಗಳು ಅದೇ ಜಾಗದಲ್ಲಿ ಎದ್ದವು. ಅವರು ಆ ಕೋಣೆಯ ಕಡೆಗೆ ಬರುವುದನ್ನೇ ಕಡಿಮೆ ಮಾಡಿದರು.

ಅದಾದ ವಾರದೊಳಗೆ ಯಜಮಾನಿ ಮೊದಲ ಸಲ ಬಂದದ್ದು. ಗಟ್ಟಿ ದನಿಯ, ಅಗಲ ಮುಖದ ಹೆಂಗಸು. ನೂರಾರು ಕುರಿಗಳ ಮಂದೆಯನ್ನು ಗಂಡ ಸತ್ತ ಮೇಲೂ ಒಬ್ಬಳೇ ನಿಭಾಯಿಸಿ, ಈಗ ಸೊಸೆಯ ಕೈಗೆ ಕೊಟ್ಟಿದ್ದಳು. ಸೊಸೆಯೂ ಜೊತೆಗೆ ಬಂದಿದ್ದಳು. ತೆಳ್ಳಗೆ, ಇವಳದೇ ವಯಸ್ಸಿನವಳು. ಕುರಿಯೊಂದರ ಕಿವಿಯ ಹಿಂದೆ ಕೆರೆಯುತ್ತ ನಿಂತವಳು ತಲೆ ಎತ್ತಿರಲಿಲ್ಲ. ‘ಇಷ್ಟೂ ಹೆಣ್ಣುಮರಿ ಗೊಡ್ಡು ಬಿದ್ದಾವೆ ಸಾಹೇಬ್ರೇ. ನಿಮ್ಮ ಟಗರಿಗೆ ಯಾರ ಕಣ್ಣು ಬಿತ್ತೋ’ ಎಂದಿದ್ದಳು ಯಜಮಾನಿ. ನಿರ್ದೇಶಕರು ಕುರಿಗಳ ಬೆನ್ನು ತಡವಿ ನೋಡಿ ನಕ್ಕಿದ್ದರು, ಜೀವ ಬಂದವರಂತೆ. ‘ಕಣ್ಣೂ ಇಲ್ಲ, ಮೂಗೂ ಇಲ್ಲ. ಕೊಬ್ಬು! ಬೆನ್ನುಮೂಳೆ ಕೈಗೇ ಸಿಗ್ತಿಲ್ಲ ನೋಡಿ. ತಿನ್ನಿಸಿ ತಿನ್ನಿಸಿ ಕೊಬ್ಬಿಸಿಬಿಟ್ಟಿದ್ದಾಳೆ ನಿಮ್ಮ ಸೊಸೆ. ಕೊಬ್ಬಿದ ಕುರಿ ಗಬ್ಬ ಕಟ್ಟಲ್ಲ. ಮೇವು ಅರ್ಧಕ್ಕೆ ಇಳಿಸಿ, ಆಮೇಲೆ ನೋಡಿ. ಅಲ್ವೇನಮ್ಮ?’ ಅದು ಸುಳ್ಳೂ ಅಲ್ಲ, ಅದೇ ಅದರ ಅನ್ಯಾಯ. ಬೇರೆ ಯಾವುದೋ ಕುರಿಯ ವಿಷಯದಲ್ಲಿ ನಿಜವಾಗಿರಬಹುದಾದ ಮಾತು. ಗಬ್ಬ ಕಟ್ಟದ, ಹಾಲು ಕೊಡದ ಕುರಿ ಕೊಬ್ಬದೆ ಇನ್ನೇನು ಮಾಡೀತು? ಯಾವುದರಿಂದ ಯಾವುದು ಎಂದು ತಿರುಗಿಸಿ ಕೇಳುವಷ್ಟರಲ್ಲಿ ಅವಳ ತಲೆ ಆಡಿಯಾಗಿತ್ತು. ಆಗಲೇ ಸೊಸೆ ಮೊದಲ ಸಲ ಕಣ್ಣೆತ್ತಿ ನೋಡಿದ್ದು. ನಿರ್ದೇಶಕರನ್ನಲ್ಲ, ಇವಳನ್ನು. ಕೆರೆಯುತ್ತಿದ್ದ ಕೈ ನಿಂತಿತ್ತು. ಕೆರೆಯುವುದು ನಿಂತದ್ದಕ್ಕೆ ಕುರಿ ಅವಳ ಸೊಂಟಕ್ಕೆ ಹಾಯ್ದು ಇನ್ನೂ ಬೇಕೆಂದಿತ್ತು.

ಮಧ್ಯಾಹ್ನದ ಹೊತ್ತಿಗೆ ಗೇಟಿನಲ್ಲಿ ಟೆಂಪೋ ಹಾರ್ನ್ ಹೊಡೆಯಿತು. ಕಿಟಕಿಯಿಂದ ನೋಡಿದವಳಿಗೆ ಮೊದಲು ಇವು ಬೇರೆ ಕುರಿಗಳೆನ್ನಿಸಿತು. ಹಲಗೆ ಇಳಿಸಿದಾಗ ಅವು ತಡವರಿಸುತ್ತ ಇಳಿದವು; ಉಣ್ಣೆ ಅಲ್ಲಲ್ಲಿ ಉದುರಿತ್ತು, ಸೊಂಟದ ಮೂಳೆಗಳು ಡೇರೆಯ ಕೋಲುಗಳಂತೆ ಚರ್ಮವನ್ನು ಎತ್ತಿ ಹಿಡಿದಿದ್ದವು. ಒಂದಂತೂ ಕೊನೆಯ ಹೆಜ್ಜೆಗೆ ಮುಗ್ಗರಿಸಿತು. ಸೊಸೆ ಅದನ್ನು ತೆಕ್ಕೆಯಲ್ಲಿ ಹಿಡಿದು ಇಳಿಸಿದಳು, ಹುಲ್ಲಿನ ಹೊರೆಯನ್ನು ಇಳಿಸುವಷ್ಟು ಸಲೀಸಾಗಿ. ಅವಳ ಮೈಯೂ ಇಳಿದುಹೋಗಿತ್ತು. ಇವಳು ಕೈಗವಸನ್ನೂ ಬಿಚ್ಚದೆ ಮೆಟ್ಟಿಲಿಳಿದು ಅಂಗಳಕ್ಕೆ ಹೋದಳು. ಅಂಗಳದ ಆ ತುದಿಯಲ್ಲಿ ಯುವರಾಜನನ್ನು ತೊಳೆದು, ಕೊಂಬಿಗೆ ಎಣ್ಣೆ ಹಚ್ಚಿ ಕಟ್ಟಿದ್ದರು. ನಾಳೆ ಅದು ಇನ್ನೊಬ್ಬರ ಮಂದೆಗೆ ಹೋಗುವುದಿತ್ತು. ಅಲ್ಲಿಯೂ ಮಹಾರಾಜನ ಹೆಣ್ಣುಮಕ್ಕಳಿದ್ದರು.

ನಿರ್ದೇಶಕರು ಇನ್ನೂ ಬಂದಿರಲಿಲ್ಲ. ಯಜಮಾನಿ ತೊಟ್ಟಿಯ ಕಟ್ಟೆಯ ಮೇಲೆ ಕೂತು ಕಾಲು ನೀವಿಕೊಳ್ಳುತ್ತಿದ್ದಳು. ‘ಬಾ ತಾಯಿ. ನೋಡು, ನೀವು ಹೇಳಿದಂಗೇ ಇಳಿಸಿದೀವಿ. ಇವಳ ಕೈಲಿ ಆಗ್ಲಿಲ್ಲ. ಕದ್ದು ಹಾಕ್ತಿದ್ಲು ಮೇವು. ನಾನು ಬೀಗ ಹಾಕಿಟ್ಟೆ. ಹಸಿದು ಅವು ಕೂಗೋದು, ಇವಳು ಗೋಡೆ ಕಡೆ ಮುಖ ಮಾಡಿ ಮಲಗೋದು. ನಂಗೇನು ಕರುಳಿಲ್ವಾ? ಆದ್ರೂ ಗಟ್ಟಿ ಮನಸ್ಸು ಮಾಡ್ದೆ. ಈಗ ನೋಡು, ಒಂದಾದ್ರೂ ಗಬ್ಬ ಕಟ್ತಾ? ಇವತ್ತು ಸಾಹೇಬ್ರು ಇವಳದೇ ತಪ್ಪು ಅಂದ್ರೆ ಮುಗೀತು, ಇವಿಷ್ಟೂ ಇಲ್ಲಿಂದ ನೇರ ಕಟುಕನ ಹತ್ರ. ಮಂದೆ ಬಾಗಿಲಿಗೆ ಇವಳು ಕಾಲಿಡೋ ಹಂಗಿಲ್ಲ. ಮನೇಲಿ ಪಾತ್ರೆ ತಿಕ್ಕೊಂಡಿರಲಿ.’ ಪಾತ್ರೆ ಎಂದದ್ದೇ ತಡ, ಇವಳ ಕಿವಿಯೊಳಗೆ ತಂತಿ ಜುಂಗು ಕರ ಕರ ಎಂದಿತು. ಹೊಗೆಯ ವಾಸನೆ ಬಂತು. ಸೊಸೆ ತೊಟ್ಟಿಯಿಂದ ನೀರು ಮೊಗೆದು ಮುಗ್ಗರಿಸಿದ ಕುರಿಯ ಬಾಯಿಗೆ ಹಿಡಿದಿದ್ದಳು. ಅತ್ತೆ ಟೆಂಪೋ ಡ್ರೈವರನ ಜೊತೆ ಜಗಳಕ್ಕೆಂದು ಆ ಕಡೆ ಎದ್ದುಹೋದಾಗ, ತಲೆಯೆತ್ತದೆಯೇ, ಕುರಿಗೆ ಹೇಳುವಂತೆ ಹೇಳಿದಳು:

‘ಸಾಹೇಬ್ರು ಹೇಳಿದ್ದನ್ನ ನಾನು ನಂಬಿರ್ಲಿಲ್ಲ.’

ಇವಳು ಕೈಗವಸಿನ ತುದಿಯನ್ನು ಎಳೆದಳು.

‘ದೊಡ್ಡೋರು, ಏನೋ ಒಂದು ಹೇಳ್ತಾರೆ. ನೀವು ತಲೆ ಆಡಿಸಿದ್ರಲ್ಲ, ಆಮೇಲೆ ನಂಬಿದೆ. ಓದಿದ ಹುಡುಗಿ, ನನ್ನಂಗೇ ಕಮ್ಮಿ ಮಾತಿನವಳು, ಸುಮ್ಮಸುಮ್ಮನೆ ಹೌದು ಅನ್ನಲ್ಲ ಅಂದ್ಕೊಂಡೆ.’ ಕುರಿಯ ಗಲ್ಲದಿಂದ ತೊಟ್ಟಿಕ್ಕಿದ ನೀರನ್ನು ಸೆರಗಿನಿಂದ ಒರೆಸಿದಳು. ‘ನನ್ನ ಕೈಯಾರೆ ಹಾಳಾದ್ವಲ್ಲ ಅಂತ ಎಷ್ಟು ಅತ್ತಿದೀನಿ ಗೊತ್ತಾ ನಿಮಗೆ.’

ಗೊತ್ತಾ ನಿಮಗೆ. ಇಲ್ಲೂ ಬಹುವಚನ. ಅವಳಿಗೆ ಇಡೀ ಅಂಗಳ ತನ್ನ ಕಡೆಗೆ ಬೆನ್ನು ತಿರುಗಿಸಿದಂತೆನಿಸಿತು. ನನ್ನಂಗೇ ಕಮ್ಮಿ ಮಾತಿನವಳು. ಇಷ್ಟು ದಿನ ಮೌನವೆಂದರೆ ಯಾರಿಗೂ ತೊಂದರೆ ಕೊಡದೆ ಮೂಲೆಯಲ್ಲಿ ಕೂತಿರುವ ಒಂದು ಗುಣವೆಂದು ಅವಳು ಎಣಿಸಿದ್ದಳು. ನಾಚಿಕೆ ಸ್ವಭಾವ, ಪಾಪದ ಹುಡುಗಿ ಎಂದು ನಾಲ್ಕು ಜನ ಮೆಚ್ಚಿದ ಗುಣ. ಅದನ್ನೇ ನಂಬಿ ಒಬ್ಬಳು ತನ್ನ ಕೈಯನ್ನೇ ಶಪಿಸಿಕೊಂಡಿದ್ದಳು, ಅವಳ ಕುರಿಗಳು ಹಸಿದು ಸೊರಗಿದ್ದವು. ಸಿಟ್ಟು ಕುದಿಯಿತು. ನಿರ್ದೇಶಕರ ಮೇಲೆ, ಅವರ ಒರೆಸಿ ಒರೆಸಿ ಸವೆದ ಕನ್ನಡಕದ ಮೇಲೆ, ಕ್ಯಾಲೆಂಡರ್ ನೋಡುತ್ತಿದ್ದ ಅಣ್ಣನ ಮೇಲೆ, ಇದು ಹೆಚ್ಚಾಯಿತು ಅದು ಕಮ್ಮಿಯಾಯಿತು ಎಂದು ಸದಾ ಯಾರೋ ಒಬ್ಬ ಹೆಂಗಸಿನ ಕೈಯ ಅಳತೆಯನ್ನೇ ಎತ್ತಿ ಆಡುವ ಬಾಯಿಗಳ ಮೇಲೆ, ಎಣ್ಣೆ ಹಚ್ಚಿದ ಆ ಕೊಂಬುಗಳ ಮೇಲೆ. ಹಾಗೆ ಕುದಿದ ಸಿಟ್ಟು ಸುತ್ತಿ ಸುತ್ತಿ ಕೊನೆಗೆ ಬಂದು ನಿಂತದ್ದು ಮಾತ್ರ ತನ್ನ ಕುತ್ತಿಗೆಯ ಮೇಲೆ. ಅಷ್ಟು ತೆಳುವಾದ, ಮಾಲೆ ಹಾಕಿದರೂ ಭಾರವೆನ್ನುವ ಕುತ್ತಿಗೆ. ಎಂಥ ಕೊಡಲಿ ಅದು!

‘ಓಹೋಹೋ, ಏನಿದು?’ ನಿರ್ದೇಶಕರು ಬಂದರು. ಕುರಿಗಳನ್ನು ಕಂಡು ಅವರ ಮುಖ ನಿಜವಾಗಿಯೂ ಸಣ್ಣದಾಯಿತು. ಬಗ್ಗಿ ಒಂದರ ಬೆನ್ನು ತಡವಿದರು, ಕೈ ಹಿಂದಕ್ಕೆಳೆದುಕೊಂಡರು. ‘ಏನ್ರೀ ಇದು, ಮೇವೇ ಹಾಕಿಲ್ವಲ್ಲ ಇವಕ್ಕೆ!’

‘ನೀವೇ ಅಲ್ವ ಸಾಹೇಬ್ರೇ ಇಳಿಸು ಅಂದಿದ್ದು?’ ಯಜಮಾನಿ ಸೊಂಟಕ್ಕೆ ಕೈಯಿಟ್ಟಳು.

‘ಇಳಿಸಿ ಅಂದೆ. ಉಪವಾಸ ಕೆಡವಿ ಅಂದ್ನಾ? ಮೂಳೆ ಚಕ್ಕಳ ಆಗಿರೋ ಕುರಿ ಗಬ್ಬ ಕಟ್ಟು ಅಂದ್ರೆ ಹೇಗೆ ಕಟ್ಟೀತು? ಅದಕ್ಕೂ ಒಂದು ಅಳತೆ ಇರುತ್ತಲ್ವ? ಹಾಕೋದಾದ್ರೆ ಕಂಠಮಟ್ಟ, ಇಲ್ಲಾಂದ್ರೆ ಏನೂ ಇಲ್ಲ. ನಿಮ್ಮ ಸೊಸೆಗೆ ಅಳತೆಯೇ ಗೊತ್ತಿಲ್ಲ.’

‘ಕೇಳಿಸ್ಕೊಂಡ್ಯೇನೇ?’ ಯಜಮಾನಿ ಸೊಸೆಯ ಕಡೆ ತಿರುಗಿದಳು. ಬೀಗ ಹಾಕಿದ್ದು ತಾನೆಂಬುದು ಅಷ್ಟರಲ್ಲೇ ಅವಳಿಗೆ ಮರೆತುಹೋಗಿತ್ತು. ‘ಕೈಗುಣ ಅಂದ್ರೆ ಇದು ನೋಡು. ತಿನ್ನಿಸಿದ್ರೂ ಕೆಡುಕು, ಬಿಟ್ರೂ ಕೆಡುಕು. ಹತ್ಸೋ ಟೆಂಪೋಗೆ!’ ಎಂದು ಡ್ರೈವರನಿಗೆ ಕೂಗಿದಳು.

ಸೊಸೆ ಕುರಿಯ ಕುತ್ತಿಗೆಯ ಸುತ್ತ ತೋಳು ಹಾಕಿ ಕೂತಿದ್ದವಳು, ಅದನ್ನು ಇನ್ನೊಂದು ಸ್ವಲ್ಪ ಒತ್ತಿಕೊಂಡಳು. ಡ್ರೈವರ್ ಬಂದು ಅದರ ಹಿಂಗಾಲು ಹಿಡಿದ. ಇತ್ತ ಯುವರಾಜ ಒಮ್ಮೆ ಮೈ ಕೊಡವಿ, ಗೂಟಕ್ಕೆ ಕೊಂಬು ತಿಕ್ಕಿ, ಮತ್ತೆ ಕಾಳಿಗೆ ಬಾಯಿ ಹಾಕಿತು. ಅದು ಕಾಳು ಅಗಿಯುವ ಶಬ್ದ ಅವಳಿಗೆ ಬಹಳ ಸ್ಪಷ್ಟವಾಗಿ ಕೇಳಿಸುತ್ತಿತ್ತು. ನಿರ್ದೇಶಕರು ಕನ್ನಡಕ ತೆಗೆದಿದ್ದರು. ಒರೆಸುತ್ತ ಒರೆಸುತ್ತ, ಕನ್ನಡಕವಿಲ್ಲದ, ನೀರೂರಿದ, ಬೇಡುವಂಥ ಕಣ್ಣುಗಳಿಂದ ಅವಳ ಕಡೆ ತಿರುಗಿದರು. ಅವರಿಗೂ ಗೊತ್ತಿತ್ತು. ಅವಳಿಗೆ ಗೊತ್ತಿರುವುದು ಅವರಿಗೆ ಗೊತ್ತಿತ್ತು. ಅವರು ಕೇಳುತ್ತಿದ್ದದ್ದು ಇಷ್ಟೇ: ಇನ್ನೊಂದು ಸಲ, ಇದೊಂದೇ ಸಲ.

‘ಮೇವಿನದೇ ತೊಂದ್ರೆ. ಅಲ್ವೇನಮ್ಮ?’

ಗಲ್ಲ ಕೆಳಗಿಳಿಯಲು ಶುರುವಾದದ್ದು ಅವಳಿಗೆ ಗೊತ್ತಾಯಿತು. ಹಳೆಯ ನಂಟನಂತೆ, ಕರೆಯುವ ಮೊದಲೇ ಬಂದು ನಿಲ್ಲುವ ಆ ಚಲನೆ. ಅವಳು ಕೈಯೆತ್ತಿ ತನ್ನ ಗಲ್ಲವನ್ನು ತಾನೇ ಹಿಡಿದುಕೊಂಡಳು. ನೋಡುವವರಿಗೆ ಹಲ್ಲುನೋವಿನವಳಂತೆ ಕಂಡಿರಬೇಕು. ಡ್ರೈವರ್ ಹಿಡಿದ ಕಾಲನ್ನು ಬಿಟ್ಟು ಬಾಯಿ ತೆರೆದು ನೋಡಿದ. ಕೈಗವಸಿಗೆ ಕುರಿಯ ಜಿಡ್ಡು, ಸ್ಪಿರಿಟ್ಟು, ಬೆಳಗಿನ ರಕ್ತದ ವಾಸನೆ. ತಲೆ ಅಲ್ಲೇ, ಅರ್ಧದಲ್ಲಿ, ನಿಂತಿತು. ಬಾಯಿ ತೆರೆದಾಗ ಮೊದಲು ಬಂದದ್ದು ಬರೀ ಗಾಳಿ. ಸೊಸೆ ಕಣ್ಣೆತ್ತಿದಳು.

‘ಅಲ್ಲ’ ಎಂದಳು.

ದನಿ ತನ್ನದೇ ಎಂದು ಅವಳಿಗೆ ಗುರುತು ಹತ್ತಲಿಲ್ಲ, ಅಷ್ಟು ಒರಟಾಗಿತ್ತು. ನಿರ್ದೇಶಕರ ಕೈ ಕನ್ನಡಕದ ಮೇಲೆ ನಿಂತುಹೋಯಿತು. ‘ಏನಮ್ಮ?’ ಎಂದರು, ಬಹಳ ಮೆತ್ತಗೆ.

ಅವಳು ಗಲ್ಲದಿಂದ ಕೈ ತೆಗೆದು, ಅವರನ್ನು ಬಿಟ್ಟು, ಕುರಿಯನ್ನು ತಬ್ಬಿ ಕೂತವಳ ಕಡೆಗೆ ತಿರುಗಿದಳು.

‘ನೀನು ಮೇವು ಹಾಕಿದ್ರೂ ಅಷ್ಟೇ ಕಣೇ, ಹಾಕದಿದ್ರೂ ಅಷ್ಟೇ. ಇವು ಹುಟ್ಟುತ್ತಲೇ ಗೊಡ್ಡು. ಹಾಗೆ ಹುಟ್ಟಿಸಿದ್ದು ನಾವು.’